ಲ್ಯಾಬ್‌ನಲ್ಲಿ ಹುಟ್ಟಿದ ಹತ್ತಿಗೂ ಗುಲಾಬಿ ಹುಳ ಯಾಕೆ?

ಪ್ರಶ್ನೆ: ನಮ್ದು ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕು. ಆರು ಎಕರೆ ಎರಿ ಹೊಲ, ಕಾಲುವಿ ನೀರು ಬರ್ತದ. ಬಾಳ ವರ್ಷದಿಂದ ಬಿಟಿ ಹತ್ತಿ ಹಾಕ್ತೀವಿ. ಈಗ ನಾಕೈದು ವರ್ಷ ಆತು, ದೀಪಾವಳಿ ದಾಟಿದ್ರ ಸಾಕು, ಕಾಯಿ ಒಡದ್ರ ಒಳಗ ಗುಲಾಬಿ ಹುಳ. ಈ ಸಲ ಒಬ್ಬ ಏಜೆಂಟ ಹೆಸರಿಲ್ಲದ ಪಾಕೀಟು ತಂದು, ‘ಇದು ಲ್ಯಾಬ್‌ನ್ಯಾಗ ಮಾಡಿದ್ದು, ಐದನೇ ತಲೆಮಾರಿನ ಬೀಜ, ಹುಳಾನೂ ಬೀಳಂಗಿಲ್ಲ, ಕಸಾನೂ ತೆಗಿಬೇಕಿಲ್ಲ’ ಅಂತಾನ. ನಮ್ಮ ಮಗಳು ಕಲಬುರಗಿಯಲ್ಲಿ ಎಂ.ಎಸ್ಸಿ. ಬಯೋಟೆಕ್ ಓದ್ತಾಳ. ಬಾಟಲಿಯಲ್ಲಿ ಹತ್ತಿ ಗಿಡ ಬೆಳೆಸೋದೇ ಆಕಿ ಪ್ರಾಜೆಕ್ಟು. ಆರು ತಿಂಗಳಿಂದ ಕಂದು ಗಡ್ಡಿ ಬಿಟ್ರ ಏನೂ ಬಂದಿಲ್ಲ. ಬಾಳಿ ಸಸಿ ಲ್ಯಾಬ್‌ನಿಂದ ಬರ್ತಾವಲ್ಲ, ಹಂಗ ಹುಳ ಬೀಳದ ಹತ್ತಿ ಸಸಿ ಆಕಿ ಮಾಡಿಕೊಟ್ರ ನಾವು ಹಚ್ಚಬಹುದಾ? ಮನಿ ಬೀಜ ಇಟ್ಟುಕೊಂಡ್ರ ಏನಾಗ್ತದ? ಬಿಟಿ ಎಲಿ ತಿಂದು ಆಡು ಸಾಯ್ತಾವ ಅಂತಾರ, ಖರೇನಾ?

ಉತ್ತರ: ಬಿತ್ತನೆಗೆ ಮುಂಚೆ ತೀರ್ಮಾನ ಆಗಬೇಕಾದದ್ದು ಪಾಕೀಟಿನ ವಿಷಯ. ಅದನ್ನು ಮೊದಲು ಮುಗಿಸೋಣ. ಆ ಬೀಜ ತೆಗೆದುಕೊಳ್ಳಬೇಡಿ.

‘ಐದನೇ ತಲೆಮಾರು’ ಎಂಬುದು ಮಾರುವವರ ಲೆಕ್ಕ. ನಮ್ಮ ದೇಶದಲ್ಲಿ ಬಿಟಿ ಹತ್ತಿಗೆ ಮೊದಲ ಅನುಮತಿ ಸಿಕ್ಕಿದ್ದು 2002ರ ಮಾರ್ಚ್‌ನಲ್ಲಿ. ಅದರಲ್ಲಿ ಇದ್ದದ್ದು, ಹುಳಕ್ಕೆ ವಿಷವಾಗುವ ಪ್ರೋಟೀನ್ ಮಾಡಿಸುವ, ಕ್ರೈ1ಎಸಿ ಎಂಬ ಒಂದೇ ಜೀನ್. 2006ರಲ್ಲಿ ಕ್ರೈ2ಎಬಿ ಎಂಬ ಇನ್ನೊಂದು ಜೀನ್ ಸೇರಿಸಿದ ಬೋಲ್‌ಗಾರ್ಡ್-2 ಬಂತು. ಇಂದು ಅಂಗಡಿಯಲ್ಲಿ ಬಿಲ್ಲಿನೊಂದಿಗೆ ಸಿಗುವ ಬಿಟಿ ಹೈಬ್ರಿಡ್‌ಗಳಲ್ಲಿ ಹೆಚ್ಚಿನವು ಇದೇ ಎರಡನೇ ತಲೆಮಾರಿನವು. ‘ಕಸ ತೆಗೆಯಬೇಕಿಲ್ಲ’ ಎಂದು ಕದ್ದು ಮಾರುವ ಬೀಜದಲ್ಲಿ ಇವುಗಳ ಜೊತೆಗೆ ಗ್ಲೈಫೋಸೇಟ್ ಕಳೆನಾಶಕ ತಡೆಯುವ ಜೀನ್ ಇರುತ್ತದೆ, ಅಥವಾ ಇದೆ ಎಂದು ಹೇಳುತ್ತಾರೆ. ಅಂಥ ಹತ್ತಿಗೆ ಭಾರತದಲ್ಲಿ ಬಿತ್ತನೆಯ ಅನುಮತಿ ಇಲ್ಲ. ಅದರಲ್ಲಿ ಹುಳಕ್ಕೆಂದು ಇರುವುದು ಹೆಚ್ಚೆಂದರೆ ಅದೇ ಹಳೆಯ ಎರಡು ಜೀನ್. ಗುಲಾಬಿ ಹುಳ ಅವೆರಡನ್ನೂ ಜಯಿಸಿ ಆಗಿದೆ. ಹಾಗಾಗಿ ‘ಹುಳ ಬೀಳಂಗಿಲ್ಲ’ ಎಂಬ ಮಾತು ಪೂರ್ತಿ ಸುಳ್ಳು.

ಕಸದ ಮಾತು ಅರ್ಧ ಸತ್ಯ, ಅಪಾಯ ಅಲ್ಲೇ ಹೆಚ್ಚು. ಪಾಕೀಟಿನಲ್ಲಿ ಬೆರಕೆ ಇದ್ದರೆ ಗ್ಲೈಫೋಸೇಟ್ ಹೊಡೆದ ಹತ್ತು ದಿನದಲ್ಲಿ ಕಸದ ಜೊತೆ ಹತ್ತಿಯೂ ಸಾಲುಸಾಲಾಗಿ ಒಣಗುತ್ತದೆ. ಪಕ್ಕದಲ್ಲಿ ತೊಗರಿ ಇದ್ದು ಗಾಳಿ ಬೀಸಿದರೆ ಅದರ ಸುಳಿಯೂ ಹೋಯಿತು. ನಿಮ್ಮದಲ್ಲದ ತೊಗರಿಯಾದರೆ ಜಗಳ ಬೇರೆ. ಬಿಲ್ಲಿಲ್ಲದ ಬೀಜ ಹುಟ್ಟದಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ದೂರು ಕೊಡಲೂ ಕೈಯಲ್ಲಿ ಏನೂ ಇರುವುದಿಲ್ಲ. ಈಗಾಗಲೇ ಕೊಂಡಿದ್ದು ಅನುಮಾನವಿದ್ದರೆ ಪಟ್ಟಿ ಪರೀಕ್ಷೆ ಮಾಡಿಸಬಹುದು. ಮೊಳೆತ ಸಸಿಯ ಎಲೆಯ ಸಣ್ಣ ತುಣುಕನ್ನು ಪುಟ್ಟ ಟ್ಯೂಬಿನಲ್ಲಿ ದ್ರಾವಣದೊಂದಿಗೆ ಅರೆದು ಪಟ್ಟಿ ಇಳಿಸಿದರೆ ಹತ್ತು ನಿಮಿಷದೊಳಗೆ ಗೆರೆ ಮೂಡುತ್ತದೆ. ಮೇಲಿನ ಗೆರೆ ಪಟ್ಟಿ ಸರಿಯಿದೆ ಎನ್ನುವುದಕ್ಕೆ, ಕೆಳಗಿನದು ಆಯಾ ಪ್ರೋಟೀನ್ ಇದೆ ಎನ್ನುವುದಕ್ಕೆ. ಒಂದು ಸಸಿ ನೋಡಿ ತೀರ್ಮಾನಿಸಬೇಡಿ, ಇಪ್ಪತ್ತಾದರೂ ಸಸಿ ನೋಡಿ.

ಇನ್ನು ನಿಮ್ಮ ಮಗಳ ಬಾಟಲಿಗಳು. ಅಲ್ಲಿ ನಡೆಯುವುದೇನೆಂದು ಗೊತ್ತಾದರೆ ‘ಲ್ಯಾಬ್ ಬೀಜ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂಬುದು ನಿಮಗೂ ತಿಳಿಯುತ್ತದೆ.

ಜೀನ್ ಸೇರಿಸುವುದೆಂದರೆ ಬೀಜಕ್ಕೆ ಇಂಜೆಕ್ಷನ್ ಚುಚ್ಚುವುದಲ್ಲ. ಮಣ್ಣಿನಲ್ಲಿ ಆಗ್ರೋಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ಇದೆ. ಗಾಯವಾದ ಗಿಡದ ಜೀವಕೋಶಕ್ಕೆ ತನ್ನ ಡಿಎನ್‌ಎ ತುಣುಕೊಂದನ್ನು ತೂರಿಸಿ ಗಂಟು ಬರಿಸುವುದು ಅದರ ಸ್ವಭಾವ. ವಿಜ್ಞಾನಿಗಳು ಗಂಟಿನ ಜೀನ್ ತೆಗೆದು, ಅಲ್ಲಿ ಬ್ಯಾಸಿಲಸ್ ಥುರಿಂಜಿಯೆನ್ಸಿಸ್ (ಇದೇ ‘ಬಿಟಿ’) ಎಂಬ ಇನ್ನೊಂದು ಮಣ್ಣಿನ ಸೂಕ್ಷ್ಮಾಣುವಿನ ಕ್ರೈ ಜೀನ್ ಇಡುತ್ತಾರೆ. ಜೊತೆಗೆ ಕನಾಮೈಸಿನ್ ಎಂಬ ಆಂಟಿಬಯೋಟಿಕ್ ತಡೆಯುವ ಗುರುತಿನ ಜೀನ್ ಒಂದನ್ನು ಸೇರಿಸುತ್ತಾರೆ. ಇಲ್ಲಿಯವರೆಗಿನ ಕೆಲಸ ಅಷ್ಟು ಕಷ್ಟದ್ದಲ್ಲ. ಜೀನ್ ಹೊಕ್ಕ ಒಂದೇ ಒಂದು ಜೀವಕೋಶದಿಂದ ಬೇರು, ಕಾಂಡ, ಹೂವು ಇರುವ ಪೂರ್ಣ ಗಿಡ ಎಬ್ಬಿಸುವುದು ಕಷ್ಟ. ತಂಬಾಕು ಇದಕ್ಕೆ ಬೇಗ ಒಪ್ಪುತ್ತದೆ, ಹತ್ತಿ ಒಪ್ಪುವುದಿಲ್ಲ. ಹೊಲದಲ್ಲಿ ಬೆಳೆಯುವ ಹತ್ತಿಯಲ್ಲಿ ಹೀಗೆ ಗಿಡ ಪಡೆದ ವರದಿ ಬಂದದ್ದು 1983ರಲ್ಲಿ, ಕೋಕರ್ 310 ಎಂಬ ಅಮೆರಿಕದ ತಳಿಯಲ್ಲಿ. ಜೀನ್ ಸೇರಿಸಿದ ಹತ್ತಿ ಗಿಡ ಬಂದದ್ದು 1987ರಲ್ಲಿ. ಇವತ್ತಿಗೂ ಹೆಚ್ಚಿನ ಲ್ಯಾಬ್‌ಗಳು ಕೋಕರ್ 312ರ ಬೆನ್ನು ಬಿಟ್ಟಿಲ್ಲ. ಕಾರಣ ಸರಳ. ಅದು ಬಾಟಲಿಯಲ್ಲಿ ಭ್ರೂಣ (ಗಿಡವಾಗಬಲ್ಲ ಪುಟ್ಟ ಮೊಳಕೆ) ಕೊಡುತ್ತದೆ, ನಮ್ಮ ತಳಿಗಳು ಬಹುತೇಕ ಕೊಡುವುದಿಲ್ಲ.

ಆದ್ದರಿಂದ ಮಗಳನ್ನು ಕೇಳಬೇಕಾದ ಮೊದಲ ಪ್ರಶ್ನೆ: ಯಾವ ತಳಿಯ ಬೀಜ ಹಾಕಿದ್ದೀಯ? ಅಂಗಡಿಯ ಹೈಬ್ರಿಡ್ ಬೀಜ ಅಥವಾ ಸ್ಥಳೀಯ ತಳಿ ಹಾಕಿದ್ದರೆ ಆರು ತಿಂಗಳಲ್ಲ, ಎರಡು ವರ್ಷ ಕಾದರೂ ಗಡ್ಡೆಯೇ (ರೂಪವಿಲ್ಲದ ಕೋಶಗಳ ಮುದ್ದೆ) ಬೆಳೆಯುತ್ತದೆ. ಕೋಕರ್ 312 ಹಾಕಿದ್ದರೂ ಎಲ್ಲ ಬೀಜ ಒಂದೇ ರೀತಿ ಸ್ಪಂದಿಸುವುದಿಲ್ಲ. ಅನುಭವಿ ಲ್ಯಾಬ್‌ಗಳು ಭ್ರೂಣ ಕೊಟ್ಟ ಗಿಡಗಳನ್ನೇ ಆರಿಸಿ, ಸ್ವಪರಾಗದಿಂದ ಬೀಜ ಮಾಡಿಟ್ಟುಕೊಂಡಿರುತ್ತವೆ. ಅಂಥ ಬೀಜವನ್ನೇ ಮಾರ್ಗದರ್ಶಕರ ಮೂಲಕ ತರಿಸಿಕೊಳ್ಳಲಿ.

ತಳಿ ಸರಿ ಇದ್ದರೆ ಮುಂದಿನದು ವಿಧಾನ. ಗಂಧಕಾಮ್ಲದಲ್ಲಿ ನೂಲು ತೆಗೆದ ಬೀಜವನ್ನು 70 ಶೇಕಡಾ ಆಲ್ಕೋಹಾಲಿನಲ್ಲಿ ಒಂದು ನಿಮಿಷ, 0.1 ಶೇಕಡಾ ಮರ್ಕ್ಯುರಿಕ್ ಕ್ಲೋರೈಡಿನಲ್ಲಿ ಐದಾರು ನಿಮಿಷ ಇಟ್ಟು, ಶುದ್ಧ ನೀರಿನಲ್ಲಿ ನಾಲ್ಕೈದು ಸಲ ತೊಳೆಯಬೇಕು. ಪಾದರಸದ ನೀರನ್ನು ಸಿಂಕಿಗೆ ಸುರಿಯಬಾರದು, ಬೇರೆ ಡಬ್ಬಿಗೆ ತುಂಬಿಡಬೇಕು. ಐದರಿಂದ ಏಳು ದಿನದ ಸಸಿಯಲ್ಲಿ ಬೇರಿಗೂ ಬೀಜದೆಲೆಗೂ ನಡುವಿನ ಕಾಂಡವನ್ನು 5ರಿಂದ 7 ಮಿಲಿಮೀಟರ್ ತುಂಡು ಮಾಡಿ ಎಂಎಸ್ ಲವಣ, ಬಿ5 ವಿಟಮಿನ್ ಇರುವ ಮಾಧ್ಯಮದ (ಬಾಟಲಿಯೊಳಗಿನ ಪೋಷಕ ಲೋಳೆಯ) ಮೇಲೆ ಇಡುತ್ತಾರೆ. ಸಸಿ ಹತ್ತು ಹನ್ನೆರಡು ದಿನ ದಾಟಿದರೆ ತುಂಡು ಗಟ್ಟಿಯಾಗಿ ಗಡ್ಡೆ ನಿಧಾನವಾಗುತ್ತದೆ.

ಕಂದು ಬಣ್ಣದ ಮೂಲ ಹತ್ತಿಯ ಮೈಯಲ್ಲೇ ಇದೆ. ಎಲೆ, ಕಾಂಡದ ಮೇಲೆ, ಬೀಜದ ತಿರುಳಿನಲ್ಲಿ ಕಾಣುವ ಕಪ್ಪು ಚುಕ್ಕೆಗಳು ಗಾಸಿಪಾಲ್ ಎಂಬ ಹತ್ತಿಯದೇ ವಿಷ ತುಂಬಿದ ಗ್ರಂಥಿಗಳು. ಬ್ಲೇಡ್ ತಾಗಿದೊಡನೆ ಅದೂ ಇತರ ಫಿನಾಲ್‌ಗಳೂ ಸೋರಿ, ಗಾಳಿ ತಾಗಿ ಕಂದಾಗಿ, ಸುತ್ತಲಿನ ಕೋಶಗಳನ್ನೇ ಕೊಲ್ಲುತ್ತವೆ. ಇದಕ್ಕೆ ಕೆಲಸ ಮಾಡುವ ಉಪಾಯಗಳು ಹೆಚ್ಚಿಲ್ಲ, ಆದರೆ ಇವೆ. ಸಕ್ಕರೆಯ ಬದಲು ಲೀಟರಿಗೆ 30 ಗ್ರಾಂ ಗ್ಲೂಕೋಸ್ ಹಾಕಬೇಕು. ಇದೊಂದನ್ನು ಬದಲಿಸಿದರೇ ಕಂದಾಗುವುದು ಕಡಿಮೆಯಾಗುತ್ತದೆ. ಅಗರ್ ಬದಲು ಲೀಟರಿಗೆ 2ರಿಂದ 2.5 ಗ್ರಾಂ ಗೆಲ್ಲಾನ್ ಗಮ್, ಅದು ಗಟ್ಟಿಯಾಗಲು 0.75 ಗ್ರಾಂ ಮೆಗ್ನೀಸಿಯಂ ಕ್ಲೋರೈಡ್. ಪಿಎಚ್ 5.8. ಮೊದಲ ಸಲ ಮಾಧ್ಯಮ ಬದಲಿಸುವುದನ್ನು ತಿಂಗಳಿಗೆ ಬಿಡದೆ ಹತ್ತು ದಿನಕ್ಕೇ ಮಾಡಬೇಕು, ಕಂದಾದ ಭಾಗವನ್ನು ಕೆತ್ತಿ ಎಸೆಯಬೇಕು. ಬೆಳಕು ಮಂದವಾಗಿರಲಿ, ಕೋಣೆ 28 ಡಿಗ್ರಿ ದಾಟದಿರಲಿ. ಕಲಬುರಗಿಯ ಏಪ್ರಿಲ್–ಮೇ ಬಿಸಿಲಿನಲ್ಲಿ ಈ ಕಡೆಯ ಮಾತು ಬಾಯಿಮಾತಾಗಿಯೇ ಉಳಿಯುತ್ತದೆ. ಮಧ್ಯಾಹ್ನ ಎರಡು ಗಂಟೆ ಕರೆಂಟ್ ಹೋದರೆ ಕೋಣೆ ಕಾದು, ಬಾಟಲಿಯ ಒಳಗೋಡೆಗೆ ನೀರು ಕೂತು, ಮೊಳಕೆಗಳು ಗಾಜಿನ ಹಾಗೆ ನೀರುತುಂಬಿ ಕೆಡುತ್ತವೆ. ವಿಧಾನದಲ್ಲಿ ತಪ್ಪು ಹುಡುಕುವ ಮೊದಲು ಕೋಣೆಯಲ್ಲಿ ಗರಿಷ್ಠ–ಕನಿಷ್ಠ ಥರ್ಮಾಮೀಟರ್ ನೇತುಹಾಕಿ ಒಂದು ವಾರ ನೋಡಲಿ.

ಗಡ್ಡೆ ಬರಿಸಲು ಲೀಟರಿಗೆ 0.1 ಮಿಲಿಗ್ರಾಂ 2,4-ಡಿ, ಅಷ್ಟೇ ಅಥವಾ ತುಸು ಹೆಚ್ಚು ಕೈನೆಟಿನ್ ಎಂಬ ಹಾರ್ಮೋನುಗಳು ಸಾಕು. ವಿದ್ಯಾರ್ಥಿಗಳು ಬೇಗ ಬರಲೆಂದು 2,4-ಡಿ ಹತ್ತುಪಟ್ಟು ಹಾಕುತ್ತಾರೆ. ಆಗ ಗಡ್ಡೆ ಭರ್ಜರಿಯಾಗಿ ಬೆಳೆಯುತ್ತದೆ, ಭ್ರೂಣ ಮಾತ್ರ ಕೊಡುವುದಿಲ್ಲ. ಎರಡು–ಮೂರು ತಿಂಗಳ ಬಳಿಕ ಹಾರ್ಮೋನು ಪೂರ್ತಿ ತೆಗೆದು, ಅಮೋನಿಯಂ ನೈಟ್ರೇಟ್ ಬಿಟ್ಟು, ಪೊಟ್ಯಾಸಿಯಂ ನೈಟ್ರೇಟನ್ನು ಎರಡುಪಟ್ಟು ಮಾಡಿದ ಮಾಧ್ಯಮಕ್ಕೆ ಸಾಗಿಸಬೇಕು. ಇಲ್ಲಿ ಕಣ್ಣು ಪಳಗಬೇಕು. ಹಸಿರಾಗಿ ಗಟ್ಟಿಯಾಗಿರುವ ಗಡ್ಡೆ ಪ್ರಯೋಜನವಿಲ್ಲ. ಕೆನೆ ಅಥವಾ ತೆಳು ಹಳದಿ ಬಣ್ಣದ್ದು, ಚಿಮಟದಲ್ಲಿ ಮುಟ್ಟಿದರೆ ಹರಳುಹರಳಾಗಿ ಉದುರುವಂಥದ್ದು ಬೇಕು. ಕಂದಾದ ಹಳೆಯ ಗಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಜಾಗದಲ್ಲಿ ಅದು ಹುಟ್ಟುವುದುಂಟು. ಆದ್ದರಿಂದ ಆ ಆರು ತಿಂಗಳ ಬಾಟಲಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ತೊಳೆಯಬೇಡ ಎಂದು ಹೇಳಿ.

ಭ್ರೂಣ ಬಂದ ಮೇಲೂ ಅರ್ಧಕ್ಕರ್ಧ ವಕ್ರವಾಗಿರುತ್ತವೆ. ಬೀಜದೆಲೆ ಅಂಟಿಕೊಂಡಿರುತ್ತದೆ, ಬೇರಿದ್ದರೆ ಸುಳಿ ಇರುವುದಿಲ್ಲ. ಮಾಧ್ಯಮದ ಮೇಲೆ ಶುದ್ಧೀಕರಿಸಿದ ಫಿಲ್ಟರ್ ಕಾಗದ ಹಾಸಿ ತುಸು ಒಣಗಿಸಿದರೆ ಮೊಳೆಯುವುದು ಸುಧಾರಿಸುತ್ತದೆ. ಬೇರು ಬಿಡದ ಚಿಗುರನ್ನು ಹತ್ತಿ ಸಸಿಯ ಮೇಲೆ ಕಸಿ ಕಟ್ಟಿ ಉಳಿಸಬಹುದು. ಬಾಟಲಿಯಿಂದ ಕುಂಡಕ್ಕೆ ಬಂದ ಮೊದಲ ಎರಡು ವಾರ ಪ್ಲಾಸ್ಟಿಕ್ ಚೀಲದಿಂದ ಮುಚ್ಚಿ, ದಿನಕ್ಕೊಂದು ತೂತು ಹೆಚ್ಚಿಸುತ್ತಾ ಹೊರಗಾಳಿಗೆ ಹೊಂದಿಸಬೇಕು. ಅಂತೂ ಗಿಡವಾಗಲು ಎಂಟರಿಂದ ಹನ್ನೆರಡು ತಿಂಗಳು. ಅದರಲ್ಲೂ ಕೆಲವು ಹೂ ಬಿಟ್ಟು ಕಾಯಿ ಕಟ್ಟುವುದಿಲ್ಲ. ದೀರ್ಘಕಾಲ ಗಡ್ಡೆಯಾಗಿದ್ದ ಕೋಶಗಳಲ್ಲಿ ವರ್ಣತಂತುಗಳೇ ಏರುಪೇರಾಗಿರುತ್ತವೆ.

ಜೀನ್ ಸೇರಿಸುವವರು ಇದಕ್ಕೆ ಮುಂಚೆ ತುಂಡುಗಳನ್ನು ಆಗ್ರೋಬ್ಯಾಕ್ಟೀರಿಯಂ ದ್ರಾವಣದಲ್ಲಿ ಹದಿನೈದು–ಇಪ್ಪತ್ತು ನಿಮಿಷ ನೆನೆಸಿ, ಎರಡು ದಿನ ಜೊತೆಗಿಟ್ಟು, ನಂತರ ಸೂಕ್ಷ್ಮಾಣುವನ್ನು ಕೊಲ್ಲಲು ಸೆಫೊಟಾಕ್ಸಿಮ್, ಜೀನ್ ಹೊಗದ ಕೋಶಗಳನ್ನು ಕೊಲ್ಲಲು ಲೀಟರಿಗೆ 50 ಮಿಲಿಗ್ರಾಂ ಕನಾಮೈಸಿನ್ ಹಾಕುತ್ತಾರೆ. ಗಿಡ ಎಬ್ಬಿಸುವುದೇ ಕೈಗೆ ಹತ್ತದಿರುವಾಗ ಆಕೆ ಇದಕ್ಕೆ ಕೈಹಾಕದಿರುವುದು ಒಳ್ಳೆಯದು. ಪ್ರಾಜೆಕ್ಟಿಗೆ ಕಾಲ ಕಡಿಮೆಯಿದ್ದರೆ ಇನ್ನೊಂದು ದಾರಿ ಇದೆ. ನಾಲ್ಕೈದು ದಿನದ ಸಸಿಯ ಸುಳಿಯ ತುದಿಯನ್ನೇ ಕತ್ತರಿಸಿ ಬೆಳೆಸುವುದು. ಇದಕ್ಕೆ ತಳಿಯ ಹಂಗು ಕಡಿಮೆ, ಎರಡು–ಮೂರು ತಿಂಗಳಲ್ಲಿ ಗಿಡ ಕೈಗೆ ಬರುತ್ತದೆ. ಈ ದಾರಿಯಲ್ಲಿ ಜೀನ್ ಸೇರಿಸಿದರೆ ಗಿಡದ ಒಂದು ಕೊಂಬೆಗೆ ಸೇರಿ ಇನ್ನೊಂದಕ್ಕೆ ಸೇರದಿರುವುದು ಸಾಮಾನ್ಯ. ಹಾಗಾಗಿ ಮುಂದಿನ ಪೀಳಿಗೆಯ ಬೀಜ ಪರೀಕ್ಷಿಸುವವರೆಗೆ ಯಾವುದನ್ನೂ ನಂಬುವಂತಿಲ್ಲ.

ಈಗ ನಿಮ್ಮ ಆಸೆಯ ಪ್ರಶ್ನೆ: ಆಕೆ ಮಾಡಿಕೊಟ್ಟರೆ ನೆಡಬಹುದೇ? ನೆಡುವ ಹಾಗಿಲ್ಲ, ನೆಟ್ಟರೂ ಲಾಭವಿಲ್ಲ. ಜೀನ್ ಸೇರಿಸಿದ ಗಿಡ ಲ್ಯಾಬಿನ ಬೇಲಿ ದಾಟಬೇಕಾದರೆ 1989ರ ನಿಯಮಗಳ ಪ್ರಕಾರ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಅದರ ಮೇಲೆ ಕೇಂದ್ರದ ಪರಿಶೀಲನಾ ಸಮಿತಿ, ಕೊನೆಗೆ ಪರಿಸರ ಸಚಿವಾಲಯದ ಜಿಇಎಸಿ ಎಂಬ ಸಮಿತಿ, ಇಷ್ಟೂ ದಾಟಬೇಕು. ಚೀಲದಲ್ಲಿ ಒಂದು ಸಸಿ ಊರಿಗೆ ತಂದರೂ ಆಕೆಯ ಓದಿಗೇ ಕುತ್ತು. ಜೀನ್ ಸೇರಿಸದ ಬರೀ ಅಂಗಾಂಶ ಕೃಷಿಯ ಗಿಡಕ್ಕೆ ಈ ಕಟ್ಟಿಲ್ಲ, ಆದರೆ ಅದು ಸಾದಾ ಹತ್ತಿಯೇ, ಹುಳ ತಡೆಯುವ ಗುಣ ಅದಕ್ಕೆಲ್ಲಿಂದ ಬರಬೇಕು? ಬಾಳೆಯ ಲೆಕ್ಕವೂ ಇಲ್ಲಿ ಹೊಂದುವುದಿಲ್ಲ. ಬಾಳೆಗೆ ಬೀಜವಿಲ್ಲ, ಎಕರೆಗೆ ಸಾವಿರದ ಇನ್ನೂರು–ಮುನ್ನೂರು ಸಸಿ ಸಾಕು. ಹತ್ತಿಗೆ ಮೂರು ಅಡಿ, ಎರಡು ಅಡಿ ಅಂತರದಲ್ಲಿ ಎಕರೆಗೆ ಏಳು ಸಾವಿರದ ಮೇಲೆ ಗಿಡ ಬೇಕು, ಬೀಜ ಊರಿದರೆ ವಾರದಲ್ಲಿ ತಾನೇ ಹುಟ್ಟುತ್ತದೆ.

ಕಂಪನಿಗಳೂ ಲ್ಯಾಬಿನ ಗಿಡವನ್ನು ಮಾರುವುದಿಲ್ಲ. ಮೊದಲ ಬಿಟಿ ಹತ್ತಿ ಹುಟ್ಟಿದ್ದು ಕೋಕರ್ 312ರಲ್ಲಿ, ಅದು ನಮ್ಮ ಎರಿ ಹೊಲಕ್ಕೆ ಒಗ್ಗುವ ತಳಿಯಲ್ಲ. ಆ ಒಂದು ಗಿಡವನ್ನು ನಮ್ಮ ತಳಿಯೊಂದಿಗೆ ಐದಾರು ಪೀಳಿಗೆ ಮರಳಿ ಮರಳಿ ಸಂಕರಿಸಿ, ಕ್ರೈ ಜೀನ್ ಉಳಿಸಿಕೊಂಡು ಕೋಕರ್‌ನ ಮಿಕ್ಕ ಗುಣವನ್ನೆಲ್ಲ ತೊಲಗಿಸಬೇಕು. ಆರು ಸಲ ಮಾಡಿದರೆ ಮೂಲ ತಳಿಯ ಗುಣ 99 ಶೇಕಡಾ ಮರಳುತ್ತದೆ. ಆಮೇಲೆ ಅದನ್ನು ಇನ್ನೊಂದು ತಳಿಯ ಜೊತೆ ಕೈಯಿಂದ ಸಂಕರಿಸಿ ಹೈಬ್ರಿಡ್ ಬೀಜ ಮಾಡುತ್ತಾರೆ. ಸಂಜೆ ಹೂವಿನ ಗಂಡುಭಾಗ ಕಿತ್ತು, ಮರುದಿನ ಬೆಳಗ್ಗೆ ಪರಾಗ ಮುಟ್ಟಿಸುವ ಕೆಲಸ. ಈ ಹೈಬ್ರಿಡ್ ವಿದ್ಯೆ ನಮ್ಮವರಿಗೆ ಹೊಸದಲ್ಲ. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟಾರ್ಕಿ ಅವರು ರೂಪಿಸಿದ ವರಲಕ್ಷ್ಮಿ, ಎರಡು ಬೇರೆ ಜಾತಿಯ ಹತ್ತಿ ಕೂಡಿಸಿದ ಮೊದಲ ವಾಣಿಜ್ಯ ಹೈಬ್ರಿಡ್.

ಗುಲಾಬಿ ಹುಳದ ಗುಟ್ಟು ಈ ಹೈಬ್ರಿಡ್‌ನಲ್ಲೇ ಇದೆ. ಜೀನ್ ಸಾಮಾನ್ಯವಾಗಿ ಹೈಬ್ರಿಡ್‌ನ ತಂದೆ–ತಾಯಿ ತಳಿಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ. ಹಾಗಾಗಿ ನೀವು ಬಿತ್ತಿದ ಬೀಜದ ಗಿಡದಲ್ಲಿ ಎಲ್ಲ ಎಲೆಯಲ್ಲೂ ಎರಡೂ ಪ್ರೋಟೀನ್ ಇದ್ದರೂ, ಆ ಗಿಡ ಕಟ್ಟುವ ಕಾಯಿಯೊಳಗಿನ ಬೀಜ ಒಂದೊಂದೂ ಬೇರೆ. ಹದಿನಾರು ಬೀಜದಲ್ಲಿ ಸರಾಸರಿ ಒಂಬತ್ತಕ್ಕೆ ಎರಡೂ ಜೀನ್, ಆರಕ್ಕೆ ಯಾವುದಾದರೊಂದು, ಒಂದಕ್ಕೆ ಏನೂ ಇಲ್ಲ. ಒಂದು ಕಾಯಿಯಲ್ಲಿ ಮೂವತ್ತರ ಸುಮಾರು ಬೀಜ. ಅಂದರೆ ಎರಡು ಬೀಜ ಪೂರ್ತಿ ಸಪ್ಪೆ, ಹತ್ತು–ಹನ್ನೊಂದು ಅರೆಬರೆ. ಗುಲಾಬಿ ಹುಳದ ಮರಿ ಎಲೆ ತಿನ್ನುವುದಿಲ್ಲ, ಕಾಯಿ ಹೊಕ್ಕು ಬೀಜ ತಿನ್ನುತ್ತದೆ. ಸಪ್ಪೆ ಬೀಜ, ಅರೆಬರೆ ಬೀಜ ತಿನ್ನುತ್ತಾ ವಿಷಕ್ಕೆ ಒಗ್ಗಿಕೊಂಡ ಹುಳಗಳೇ ಉಳಿದು ಸಂತಾನ ಬೆಳೆಸುತ್ತವೆ. ಹೆಚ್ಚಿನ ದೇಶಗಳು ಬಿಟಿಯನ್ನು ಹೈಬ್ರಿಡ್ ಆಗಿ ಅಲ್ಲ, ತಳಿಯಾಗಿ ಬೆಳೆಯುತ್ತವೆ. ಅಲ್ಲಿ ಎಲ್ಲ ಬೀಜದಲ್ಲೂ ಜೀನ್ ಇರುತ್ತದೆ. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಹುಳ ಮೊದಲ ಜೀನಿಗೆ ಬಗ್ಗದಿರುವುದು ಬಹಿರಂಗವಾಯಿತು. ನಂತರದ ವರ್ಷಗಳಲ್ಲಿ ಎರಡನೆಯದೂ ಸೋತಿತು.

ಹಸಿರು ಕಾಯಿಕೊರಕ ಮಾತ್ರ ಇನ್ನೂ ಬಿಟಿಗೆ ಹೆದರುವುದಕ್ಕೆ ನಮ್ಮ ತೊಗರಿ, ಕಡಲೆ ಕಾರಣ ಎಂದರೆ ತಪ್ಪಲ್ಲ. ಅದು ಅಲ್ಲೂ ಬದುಕುವುದರಿಂದ ವಿಷ ಕಾಣದ ಹುಳಗಳು ಸದಾ ಬಂದು ಬೆರೆಯುತ್ತವೆ, ಒಗ್ಗಿಕೊಂಡವು ಹೆಚ್ಚಾಗುವುದಿಲ್ಲ. ಗುಲಾಬಿ ಹುಳಕ್ಕೆ ನಮ್ಮಲ್ಲಿ ಹತ್ತಿ ಬಿಟ್ಟರೆ ಬೇರೆ ಗತಿ ಹೆಚ್ಚಿಲ್ಲ. ಅದಕ್ಕೇ ಸಾದಾ ಹತ್ತಿಯ ಸಾಲು ಹಾಕಿ ಎಂದು ಹಿಂದೆ 450 ಗ್ರಾಂ ಬಿಟಿ ಜೊತೆ 120 ಗ್ರಾಂ ಬೇರೆ ಪೊಟ್ಟಣ ಕೊಡುತ್ತಿದ್ದರು. ಅದನ್ನು ಬಿತ್ತಿದವರು ಕಡಿಮೆ. ಈಗ 475 ಗ್ರಾಂ ಪಾಕೀಟಿನಲ್ಲೇ ಬೆರೆಸಿ ಕೊಡುತ್ತಾರೆ.

ಮನೆ ಬೀಜಕ್ಕೂ ಇದೇ ಲೆಕ್ಕ. ಹೈಬ್ರಿಡ್ ಬೀಜ ಇಟ್ಟರೆ ಹುಟ್ಟುತ್ತದೆ. ‘ಬಿಟಿ ಬೀಜ ಬಂಜೆ’ ಎಂಬುದು 1998ರಲ್ಲಿ ರಾಯಚೂರು ಜಿಲ್ಲೆಯಲ್ಲಿ ಪ್ರಯೋಗದ ಹತ್ತಿಯನ್ನು ಕಿತ್ತು ಸುಟ್ಟ ಕಾಲದಿಂದ ಉಳಿದ ಮಾತು. ಬಂಜೆ ಬೀಜದ ತಂತ್ರಕ್ಕೆ ಆ ವರ್ಷ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು ನಿಜ, ಆದರೆ ಯಾವ ಬೆಳೆಯಲ್ಲೂ ಅದು ಮಾರಾಟಕ್ಕೆ ಬರಲಿಲ್ಲ. ಹುಟ್ಟಿದ ಗಿಡಗಳಲ್ಲಿ ಒಂದು ಎತ್ತರ, ಒಂದು ಗಿಡ್ಡ, ಒಂದಕ್ಕೆ ಜೀನ್ ಇದೆ, ಒಂದಕ್ಕಿಲ್ಲ, ಇಳುವರಿ ಕುಸಿಯುತ್ತದೆ. ಬೀಜ ಇಟ್ಟುಕೊಳ್ಳುವ ಇಚ್ಛೆಯಿದ್ದರೆ ನಾಗ್ಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆಯ ಬಿಟಿ ತಳಿಗಳಿವೆ. ಅವುಗಳಲ್ಲಿರುವುದು ಮೊದಲ ಜೀನ್ ಮಾತ್ರ. ಹಸಿರು ಕಾಯಿಕೊರಕಕ್ಕೆ ಅದು ಸಾಕು, ಗುಲಾಬಿ ಹುಳಕ್ಕೆ ಅಲ್ಲ. ಅವು ಬೇಗ ಕಟಾವಿಗೆ ಬಂದರೆ ಅದೇ ಲಾಭ. ನಿಮ್ಮ ಭಾಗಕ್ಕೆ ಯಾವುದು ಒಗ್ಗುತ್ತದೆಂದು ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಅಥವಾ ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ.

ಆಡಿನ ವಿಷಯ ಚಿಕ್ಕದು. ಕ್ರೈ ಪ್ರೋಟೀನ್ ಕೆಲಸ ಮಾಡುವುದು ಕ್ಷಾರ ಗುಣವಿರುವ ಹುಳದ ಕರುಳಿನಲ್ಲಿ, ಅಲ್ಲಿನ ನಿರ್ದಿಷ್ಟ ಗ್ರಾಹಕಕ್ಕೆ ಅಂಟಿಕೊಂಡಾಗ. ಆಡಿನ ಕರುಳಿನಲ್ಲಿ ಆ ಗ್ರಾಹಕವಿಲ್ಲ. ಹತ್ತಿ ಹೊಲದಲ್ಲಿ ಆಡು ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಆ ಹೊಲಕ್ಕೆ ಯಾವಾಗ, ಯಾವ ಔಷಧ ಹೊಡೆದಿದ್ದರು ಎಂಬುದನ್ನು. ಗಾಸಿಪಾಲ್ ಬಿಟಿಯಲ್ಲೂ ಇದೆ, ಸಾದಾ ಹತ್ತಿಯಲ್ಲೂ ಇದೆ. ಮರಿಗಳಿಗೆ ಹತ್ತಿಕಾಳು ಹೆಚ್ಚು ತಿನ್ನಿಸಬಾರದು ಎನ್ನುವುದು ಅದಕ್ಕೆ.

ಈ ವರ್ಷ ನಿಮ್ಮ ಆರು ಎಕರೆಗೆ ಮಾಡಬಹುದಾದದ್ದು ಇದು. ಬೇಗ ಮುಗಿಯುವ ಹೈಬ್ರಿಡ್ ಆರಿಸಿ, ಊರವರೆಲ್ಲ ಒಂದೇ ಹದಕ್ಕೆ ಬಿತ್ತಿ. ನಲವತ್ತೈದನೇ ದಿನಕ್ಕೆ ಎಕರೆಗೆ ಎರಡು ಮೋಹಕ ಬಲೆ (ವಾಸನೆಯಿಂದ ಗಂಡು ಪತಂಗ ಸೆಳೆಯುವ ಬಲೆ) ನೆಡಿ. ಬಲೆಯೊಂದಕ್ಕೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಬಿದ್ದರೆ ಸಿಂಪರಣೆಯ ಹೊತ್ತಾಯಿತು. ದಳಗಳು ನೂಲಿನಿಂದ ಹೊಲಿದಂತೆ ಮುಚ್ಚಿಕೊಂಡ ಹೂವು ಕಂಡರೆ ಕಿತ್ತು ಹಿಸುಕಿ. ವಾರಕ್ಕೊಮ್ಮೆ ಬೇರೆ ಬೇರೆ ಗಿಡದ ಇಪ್ಪತ್ತು ಹಸಿಕಾಯಿ ಒಡೆದು ನೋಡಿ. ಹೊರಗೆ ತೂತು ಹುಡುಕಬೇಡಿ, ಮರಿ ಹೊಕ್ಕ ಗಾಯ ಮುಚ್ಚಿಹೋಗಿರುತ್ತದೆ. ಸಿಪ್ಪೆಯ ಒಳಮೈಯಲ್ಲಿ ಸಣ್ಣ ಗುಳ್ಳೆ, ಒಳಗೆ ಒಂದಕ್ಕೊಂದು ಅಂಟಿದ ಜೋಡಿ ಬೀಜ ಕಾಣುತ್ತದೆ. ಎಳೆಮರಿ ಬಿಳಿ ಇರುತ್ತದೆ, ಗುಲಾಬಿ ಬಣ್ಣ ಆಮೇಲೆ. ಇಪ್ಪತ್ತರಲ್ಲಿ ಎರಡು ಕಾಯಿ ಕೆಟ್ಟಿದ್ದರೆ ಲೀಟರಿಗೆ 2 ಮಿಲಿ ಪ್ರೊಫೆನೊಫಾಸ್, ಮುಂದಿನ ಸರದಿಗೆ ಅರ್ಧ ಗ್ರಾಂ ಎಮಾಮೆಕ್ಟಿನ್ ಬೆಂಜೊಯೇಟ್. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳನ್ನು ನವೆಂಬರ್‌ಗೆ ಮುಂಚೆ ಹೊಡೆದರೆ ಬಿಳಿನೊಣ ಎದ್ದು ಕೂರುತ್ತದೆ.

ಎಲ್ಲಕ್ಕಿಂತ ದೊಡ್ಡ ಕಾರಣ ನಿಮ್ಮ ಕಾಲುವೆ ನೀರು. ನಾರಾಯಣಪುರದ ನೀರು ಇದೆಯೆಂದು ಗಿಡವನ್ನು ಫೆಬ್ರುವರಿ, ಮಾರ್ಚ್‌ವರೆಗೆ ಉಳಿಸಿ ಎರಡನೇ ಫಸಲು ಬಿಡಿಸುತ್ತಾರೆ. ಆ ಫಸಲಿನ ಕಾಯಿಯಲ್ಲೇ ಮುಂದಿನ ಜೂನ್‌ನ ಹುಳ ಮಲಗಿರುತ್ತದೆ. ಅಮೆರಿಕ 2018ರಲ್ಲಿ ಗುಲಾಬಿ ಹುಳವನ್ನು ನಿರ್ಮೂಲ ಮಾಡಿದ್ದೇವೆಂದು ಘೋಷಿಸಿದ್ದು ಬಿಟಿ ಒಂದನ್ನೇ ನಂಬಿ ಅಲ್ಲ. ಬಂಜೆ ಮಾಡಿದ ಪತಂಗ ಬಿಟ್ಟು, ಮೋಹಕ ವಸ್ತು ಬಳಸಿ, ಹೊಲ ಸ್ವಚ್ಛ ಮಾಡಿ ವರ್ಷಗಟ್ಟಲೆ ದುಡಿದರು. ನೀವು ಡಿಸೆಂಬರ್ ಕೊನೆಗೆ ನೀರು ನಿಲ್ಲಿಸಿ ಹತ್ತಿ ತೆಗೆದುಬಿಡಿ. ಉಳಿದ ಕಾಯಿಗೆ ಆಡು–ಕುರಿ ಬಿಡಿ, ಆದರೆ ಕೊನೆಯ ಸಿಂಪರಣೆಯಾಗಿ ಎರಡು ವಾರ ಕಳೆದಿರಲಿ. ಹತ್ತಿಕಟ್ಟಿಗೆಯನ್ನು ಒಲೆಗೆಂದು ಬದುವಿನಲ್ಲೋ ಹಿತ್ತಲಲ್ಲೋ ಒಟ್ಟಬೇಡಿ. ಪುಡಿ ಮಾಡಿ ಮಣ್ಣಿಗೆ ಸೇರಿಸಿ. ಉರುವಲಿಗೆ ಬೇಕೇ ಬೇಕೆಂದರೆ ಒಣಕಾಯಿ ಪೂರ್ತಿ ಉದುರಿಸಿ, ಬೇಸಿಗೆ ಮುಗಿಯುವುದರೊಳಗೆ ಸುಟ್ಟು ಮುಗಿಸಿ.